ರಾಗಿ ಹೊಲದ ಪಕ್ಕದ ಓದುಮನೆ

ಹೆಬ್ಬಾಳದ ಮೇಲ್ಸೇತುವೆ ಇಳಿದು ವಿಮಾನ ನಿಲ್ದಾಣದ ಕಡೆಗೆ ಓಡುವ ಬಳ್ಳಾರಿ ರಸ್ತೆಗೆ ಹಗಲು ರಾತ್ರಿ ಬಿಡುವೆಂಬುದೇ ಇಲ್ಲ. ಆ ಓಟದಿಂದ ಪಕ್ಕಕ್ಕೆ ಸರಿದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಗೇಟು ಹೊಕ್ಕರೆ ಸ್ವಲ್ಪ ಹೊತ್ತಿನಲ್ಲೇ ಹಾರ್ನಿನ ಸದ್ದು ಹಿಂದೆ ಉಳಿಯುತ್ತದೆ. ಮರಗಳ ಸಾಲು, ಅದರಾಚೆ ಕೆಂಪು ಮಣ್ಣು, ಆ ಮಣ್ಣಿನ ಮೇಲೆ ಚೌಕ ಚೌಕವಾಗಿ ಹಂಚಿದ ಪ್ರಯೋಗದ ತಾಕುಗಳು. ನಾನು ಹೋದಾಗ ರಾಗಿ ತೆನೆ ಕಟ್ಟಿತ್ತು. ತಾಕಿನ ಬದಿಗೆ ಪುಟ್ಟ ಫಲಕ, ಅದರ ಮೇಲೆ ತಳಿಯ ಹೆಸರು, ಸಂಖ್ಯೆ. ಕೃಷಿ ಮೇಳಕ್ಕೆ ಬಸ್ಸು ಮಾಡಿಕೊಂಡು ಬರುವ ರೈತರು ಇಂಥ ಫಲಕಗಳ ಮುಂದೆ ನಿಂತು, ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಎರಡು ಕಾಳು ಬಾಯಿಗೆ ಹಾಕಿ ನೋಡುವುದನ್ನು ಹಿಂದೆ ಕಂಡಿದ್ದೇನೆ. ಈ ಸಲ ನಾನು ಹೊರಟದ್ದು ಅದೇ ಆವರಣದ ಇನ್ನೊಂದು ಮೂಲೆಗೆ. ಅಲ್ಲಿಯೂ ಎಲೆ, ಕಾಳು, ರಕ್ತ, ನೊಣ ಎಲ್ಲವನ್ನೂ ಪರೀಕ್ಷೆ ಮಾಡುತ್ತಾರೆ. ಕಣ್ಣಿಗೆ ಎಟುಕದಷ್ಟು ಒಳಗೆ ಇಳಿದು ಮಾಡುತ್ತಾರೆ.

ರಾಗಿಯ ಮಾತು ಬಂದ ಮೇಲೆ ಲಕ್ಷ್ಮಣಯ್ಯನವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ‘ರಾಗಿ ಲಕ್ಷ್ಮಣಯ್ಯ’ ಎಂದೇ ನಾಡು ಕರೆದ ಆ ಮನುಷ್ಯ ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ರಾಗಿಯ ಹೂವು ಸಾಸಿವೆಗಿಂತ ದೊಡ್ಡದಲ್ಲ, ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಕೊಳ್ಳುವ ಸ್ವಭಾವ ಅದರದು. ಅದಕ್ಕೆ ಬೇರೆ ಗಿಡದ ಪರಾಗ ಮುಟ್ಟಿಸುವುದೇ ಒಂದು ತಪಸ್ಸು. ಅವರ ಬಳಿ ಇದ್ದ ಸಾಧನ ಕಣ್ಣು, ಬೆರಳು, ತಾಳ್ಮೆ. ಗಿಡದ ಒಳಗೆ ಏನು ಬರೆದಿದೆ ಎಂದು ಓದಲು ಆ ಕಾಲದಲ್ಲಿ ದಾರಿಯೇ ಇರಲಿಲ್ಲ. ಬೆಳೆದು ನಿಂತ ಪೈರನ್ನು ನೋಡಿ ಊಹಿಸಬೇಕಿತ್ತು.

2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನೇತೃತ್ವದ ತಂಡ ಎಂಎಲ್-365 ಎಂಬ, ಬರಕ್ಕೆ ಜಗ್ಗದ ರಾಗಿ ತಳಿಯ ಜೀನೋಮನ್ನು, ಅಂದರೆ ಅದರ ಡಿಎನ್‌ಎಯ ಇಡೀ ಬರಹವನ್ನು, ಓದಿ ಪ್ರಕಟಿಸಿತು. ಸುಮಾರು 145 ಕೋಟಿ ಅಕ್ಷರಗಳೆಂದು ಅಂದಾಜಿಸಿದ ಆ ಬರಹದಲ್ಲಿ 119 ಕೋಟಿಗೂ ಹೆಚ್ಚು ಅಕ್ಷರಗಳನ್ನು ಜೋಡಿಸಿದರು, 85,243 ಜೀನ್‌ಗಳನ್ನು ಗುರುತಿಸಿದರು. ಪ್ರೋಟೀನ್ ಮಾಡಿಸುವ ಜೀನ್‌ಗಳು ಮನುಷ್ಯನಲ್ಲಿ ಸುಮಾರು 20,000. ಅಂದರೆ ನಮ್ಮ ಮುದ್ದೆಯ ಕಾಳಿನಲ್ಲಿ ನಮಗಿಂತ ನಾಲ್ಕು ಪಟ್ಟು! ಎರಡು ಪೂರ್ವಜ ಸಸ್ಯಗಳ ಜೀನೋಮುಗಳು ಒಂದಾಗಿ ಹುಟ್ಟಿದ ಬೆಳೆ ಇದು, ಹಾಗಾಗಿ ಎರಡು ಮನೆಯ ಆಸ್ತಿ ಒಂದೇ ಕಾಳಿನೊಳಗಿದೆ. ಈ ಸಂಗತಿ ಓದಿದ ದಿನದಿಂದ ರಾಗಿ ಹೊಲವನ್ನು ನಾನು ನೋಡುವ ಬಗೆ ಬದಲಾಗಿದೆ.

ಹೊಲ ದಾಟಿ ಒಳ ರಸ್ತೆಯಲ್ಲಿ ಮುಂದೆ ಹೋದರೆ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ, ಎಲ್ಲರ ಬಾಯಲ್ಲಿ ಎನ್‌ಸಿಬಿಎಸ್. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭಾಗ. ಇದನ್ನು ಕಟ್ಟಿದವರು ಒಬೈದ್ ಸಿದ್ದೀಕಿ. ಹೋಮಿ ಭಾಭಾ ಕರೆದರೆಂದು 1962ರಲ್ಲಿ ಮುಂಬಯಿಗೆ ಬಂದು ಅಣುಜೀವವಿಜ್ಞಾನದ ವಿಭಾಗ ಶುರು ಮಾಡಿದವರು, ಆಮೇಲೆ ಬೆಂಗಳೂರಿಗೆ ಬಂದರು. ಹಣ್ಣುನೊಣ ವಾಸನೆಯನ್ನು ಹೇಗೆ ಅರಿಯುತ್ತದೆ ಎಂಬ ಒಂದು ಪ್ರಶ್ನೆಯ ಹಿಂದೆ ದಶಕಗಳನ್ನು ಕಳೆದವರು. ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದ್ದ ಕೇಂದ್ರ ಅನಂತರ ಈ ಕೃಷಿ ಭೂಮಿಗೆ ಬಂತು. ವಾಸ್ತುಶಿಲ್ಪಿ ರಾಜ್ ರೇವಾಲ್ ಕಟ್ಟಡವನ್ನು ಅಂಗಳಗಳ ಸುತ್ತ ಹೆಣೆದಿದ್ದಾರೆ. ಒಂದು ಮೊಗಸಾಲೆ ದಾಟಿದರೆ ಅಂಗಳ, ಅಂಗಳದಿಂದ ಮೆಟ್ಟಿಲು, ಮೆಟ್ಟಿಲ ಕೊನೆಗೆ ಇನ್ನೊಂದು ಅಂಗಳ. ಬೇರೆ ಬೇರೆ ಪ್ರಯೋಗಾಲಯದ ಜನ ದಾರಿಯಲ್ಲಿ ಎದುರಾಗದೆ ಇರಲು ಸಾಧ್ಯವೇ ಇಲ್ಲ ಎನ್ನಿಸುವ ಕಟ್ಟಡ. ನನ್ನನ್ನು ಕರೆದುಕೊಂಡು ಹೋದ ವಿಜ್ಞಾನಿ ಮಿತ್ರರು ಪ್ರತಿ ತಿರುವಿನಲ್ಲಿ ನಿಂತು ಯಾರಾದರೊಬ್ಬರ ಜೊತೆ ಮಾತಾಡಿದರು. ಗಮನವಿಟ್ಟು ಕೇಳಿದೆ. ಎಲ್ಲವೂ ಕೆಲಸದ ಮಾತು: ಯಾರ ಸ್ಯಾಂಪಲ್ ಬಂತು, ಯಾವ ಯಂತ್ರ ಯಾವಾಗ ಖಾಲಿ.

ಇದೇ ಆವರಣದಲ್ಲಿ 2009ರಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಸಿ-ಕ್ಯಾಂಪ್ ಎಂಬ ಸಂಸ್ಥೆಯನ್ನು ಶುರು ಮಾಡಿತು. ಪಕ್ಕದಲ್ಲಿ ಕಾಂಡಕೋಶಗಳ ಅಧ್ಯಯನಕ್ಕೆ ಇನ್‌ಸ್ಟೆಮ್. ಮೂರೂ ಸೇರಿ ಒಂದು ಬಳಗ. ಸಿ-ಕ್ಯಾಂಪಿನ ಕೆಲಸಗಳಲ್ಲಿ ಮುಖ್ಯವಾದದ್ದೊಂದು, ದೊಡ್ಡ ಯಂತ್ರಗಳನ್ನು ನಡೆಸಿ ಬೇರೆಯವರ ಸ್ಯಾಂಪಲ್‌ಗಳನ್ನು ಓದಿಕೊಡುವುದು. ತಮ್ಮ ಆವರಣದವರದ್ದು ಮಾತ್ರ ಅಲ್ಲ. ಹೊರಗಿನ ವಿಶ್ವವಿದ್ಯಾಲಯಗಳದ್ದು, ಆಗಷ್ಟೇ ಕಣ್ಣು ಬಿಡುತ್ತಿರುವ ಕಂಪನಿಗಳದ್ದೂ. ಡಿಎನ್‌ಎ ಓದುವ ಯಂತ್ರಕ್ಕೆ, ಪ್ರೋಟೀನ್ ತೂಗುವ ಯಂತ್ರಕ್ಕೆ ಕೋಟಿಗಟ್ಟಲೆ ಬೆಲೆ. ಕೊಂಡರೆ ಮುಗಿಯಲಿಲ್ಲ. ಒಂದೇ ಹದದ ತಂಪು ಬೇಕು, ಕ್ಷಣವೂ ಕೈಕೊಡದ ವಿದ್ಯುತ್ ಬೇಕು, ವರ್ಷ ವರ್ಷ ದುರಸ್ತಿಯ ಕರಾರು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅದರ ಮನಸ್ಸು ಬಲ್ಲವರು ಬೇಕು. ಒಬ್ಬ ಪ್ರಾಧ್ಯಾಪಕರ ಪ್ರಯೋಗಾಲಯ ಅದನ್ನು ಕೊಂಡರೂ ವರ್ಷಪೂರ್ತಿ ಉಣಿಸುವಷ್ಟು ಸ್ಯಾಂಪಲ್ ಅವರ ಬಳಿ ಇರುವುದಿಲ್ಲ.

ನೋಡುತ್ತ ಹೋದಂತೆ ನನಗೆ ಹೊಳೆದದ್ದು ನಮ್ಮೂರಿನ ಹಿಟ್ಟಿನ ಗಿರಣಿ. ಮನೆಮನೆಗೆ ಗಿರಣಿ ಇಟ್ಟುಕೊಳ್ಳುವುದಿಲ್ಲ. ಕಾಳು ನಮ್ಮದು, ಡಬ್ಬ ನಮ್ಮದು, ಕಲ್ಲು ಮತ್ತು ಮೋಟಾರು ಎಲ್ಲರದು. ಸಾಹುಕಾರರ ಗೋಧಿಯೂ ಕೂಲಿಯವಳ ಎರಡು ಸೇರು ರಾಗಿಯೂ ಅದೇ ಬಾಯಿಗೆ ಸುರಿಯುತ್ತವೆ. ಗಿರಣಿಯವನ ಜಾಣ್ಮೆ ಇರುವುದು ಒಬ್ಬರ ಹಿಟ್ಟು ಇನ್ನೊಬ್ಬರದರಲ್ಲಿ ಬೆರೆಯದಂತೆ ನೋಡಿಕೊಳ್ಳುವುದರಲ್ಲಿ. ಮೆಣಸಿನಕಾಯಿ ಬೀಸಿದ ಮೇಲೆ ಒಂದು ಹಿಡಿ ಬೇರೆ ಕಾಳು ಹಾಕಿ ಕಲ್ಲಿನ ಖಾರ ಕಳೆದ ನಂತರವೇ ಮುಂದಿನವರ ಅಕ್ಕಿ. ಪ್ರೋಟೀನ್ ತೂಗುವ ಮಾಸ್ ಸ್ಪೆಕ್ಟ್ರೋಮೀಟರಿನ ಕೋಣೆಯಲ್ಲಿ ಕೂಡ ಒಬ್ಬರ ಸ್ಯಾಂಪಲ್ ಮುಗಿದು ಇನ್ನೊಬ್ಬರದು ಹೋಗುವ ನಡುವೆ ಏನೂ ಇಲ್ಲದ ಬರಿಯ ದ್ರಾವಣವನ್ನು ಓಡಿಸುತ್ತಾರೆ. ‘ಬ್ಲ್ಯಾಂಕ್’ ಅನ್ನುತ್ತಾರೆ. ಹಿಂದಿನವರ ಪ್ರೋಟೀನಿನ ಚೂರು ಉಳಿದಿದ್ದರೆ ಅದರಲ್ಲಿ ಕಾಣಬೇಕು.

ಮೊದಲು ಹೊಕ್ಕದ್ದು ಡಿಎನ್‌ಎ ವಿಭಾಗ. ಬಾಗಿಲ ಬಳಿಯೇ ಸ್ಯಾಂಪಲ್ ತೆಗೆದುಕೊಳ್ಳುವ ಜಾಗ, ಒಂದರ ಮೇಲೊಂದು ಥರ್ಮೊಕೋಲ್ ಪೆಟ್ಟಿಗೆ. ಒಂದನ್ನು ತೆರೆದಾಗ ಡ್ರೈ ಐಸಿನ ಬಿಳಿ ಹೊಗೆ ಮೇಜಿನ ಅಂಚಿನಿಂದ ನೆಲಕ್ಕೆ ಇಳಿಯಿತು. ಒಳಗೆ ಕಿರುಬೆರಳ ಗೆಣ್ಣಿನಷ್ಟಿರುವ ಮುಚ್ಚಳದ ಕೊಳವೆಗಳು. ಕೊಳವೆಯಲ್ಲಿ ಇರುವುದು ನೀರಿನಂಥ ಹನಿ. ಇದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಬೇಕು. ಆ ಹನಿಯಲ್ಲಿ ಒಂದು ಕಾಡಿನ ಮರದ, ಒಂದು ಕಪ್ಪೆಯ ಅಥವಾ ಒಬ್ಬ ರೋಗಿಯ ಸಮಸ್ತ ವಂಶದ ಬರಹ ಇದೆ. ನಮ್ಮ ಮೈಯ ಒಂದೊಂದು ಜೀವಕೋಶದ ಡಿಎನ್‌ಎಯನ್ನು ಬಿಡಿಸಿ ಉದ್ದಕ್ಕೆ ಹಿಡಿದರೆ ಸುಮಾರು ಎರಡು ಮೀಟರು ಬರುತ್ತದೆ.

ಬಂದದ್ದನ್ನು ಕೂಡಲೇ ಯಂತ್ರಕ್ಕೆ ಹಾಕುವುದಿಲ್ಲ. ಮೊದಲು ತಪಾಸಣೆ: ಎಷ್ಟಿದೆ, ಎಷ್ಟು ಶುದ್ಧ, ತುಂಡಾಗಿದೆಯೇ. ನೇರಳಾತೀತ ಬೆಳಕಿನ ಎರಡು ಅಲೆಗಳನ್ನು ಹಾಯಿಸಿ ಯಾವುದನ್ನು ಎಷ್ಟು ಹೀರಿತು ಎಂದು ಅಳೆಯುತ್ತಾರೆ. ಆ ಅನುಪಾತ 1.8ರ ಆಸುಪಾಸು ಬಂದರೆ ಡಿಎನ್‌ಎ ಚೊಕ್ಕಟ, ಅದಕ್ಕಿಂತ ಬಹಳ ಕೆಳಗಿಳಿದರೆ ಪ್ರೋಟೀನ್ ಬೆರೆತಿದೆ. ತಪಾಸಣೆ ಮಾಡುತ್ತಿದ್ದ ತರುಣಿ, “ಅರ್ಧ ಕೆಲಸ ಇಲ್ಲೇ ಸರ್. ಇಲ್ಲಿ ಬಿಟ್ಟುಬಿಟ್ರೆ ಆಮೇಲೆ ಎಷ್ಟು ದುಡ್ಡು ಸುರಿದ್ರೂ ಬರಲ್ಲ” ಎಂದರು. ಪಿಎಚ್‌ಡಿ ಮುಗಿಸಿದವರು. ಸ್ವಂತ ಪ್ರಶ್ನೆ ಬಿಟ್ಟು ಬೇರೆಯವರ ಪ್ರಶ್ನೆಗಳಿಗೆ ಉತ್ತರ ತೆಗೆದುಕೊಡುವುದನ್ನೇ ವೃತ್ತಿ ಮಾಡಿಕೊಂಡವರು. ಇಂಥ ಕೋಣೆಗಳಲ್ಲಿ ಕೆಲಸ ಮಾಡುವ ಎಷ್ಟೋ ಜನರ ಹೆಸರು ಸಂಶೋಧನಾ ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲಿಗೆ ಸೇರಿ ನಿಲ್ಲುತ್ತದೆ. ಕೆಲವೊಮ್ಮೆ ಅಷ್ಟೂ ಇಲ್ಲ, ಬರಿಯ ವಿಭಾಗದ ಹೆಸರು. ಒಳ್ಳೆಯ ಓದು ಯಂತ್ರದಿಂದ ಬರುವುದಿಲ್ಲ, ಕೈಯಿಂದ ಬರುತ್ತದೆ. ಆ ಕೈಗೆ ಮೇಲಿನ ಸಾಲಿನಲ್ಲೇ ಜಾಗ ಸಿಗಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಆಮೇಲೆ ‘ಲೈಬ್ರರಿ’ ಮಾಡುವ ಕೆಲಸ. ಉದ್ದದ ಡಿಎನ್‌ಎಯನ್ನು ಕೆಲವು ನೂರು ಅಕ್ಷರಗಳ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಎರಡೂ ತುದಿಗೆ ಗೊತ್ತಿರುವ ಒಂದು ಚಿಕ್ಕ ಡಿಎನ್‌ಎಯನ್ನು ಅಂಟಿಸುತ್ತಾರೆ. ಅದರಲ್ಲೇ ಎಂಟೋ ಹತ್ತೋ ಅಕ್ಷರದ ಗುರುತು ಸೇರಿರುತ್ತದೆ. ನನ್ನ ಸ್ಯಾಂಪಲಿಗೆ ಒಂದು ಗುರುತು, ನಿಮ್ಮದಕ್ಕೆ ಇನ್ನೊಂದು. ಆಮೇಲೆ ಎಲ್ಲವನ್ನೂ ಒಂದೇ ಕೊಳವೆಗೆ ಸುರಿದುಬಿಡುತ್ತಾರೆ! ಗಿರಣಿಯವನು ಮಾಡಲಾಗದ್ದನ್ನು ಇವರು ಮಾಡುತ್ತಾರೆ. ಹತ್ತಾರು ಮನೆಯ ಕಾಳು ಬೆರೆಸಿ ಬೀಸಿ, ಕೊನೆಗೆ ಯಾರ ಹಿಟ್ಟು ಯಾರದೆಂದು ಬೇರೆ ಮಾಡಿ ಕೊಡುತ್ತಾರೆ. ಗುರುತು ಡಿಎನ್‌ಎಯಲ್ಲೇ ಬರೆದಿರುವುದರಿಂದ ಯಂತ್ರ ತುಂಡನ್ನು ಓದುವಾಗ ಗುರುತನ್ನೂ ಓದುತ್ತದೆ. ಬೇರ್ಪಡಿಸುವ ಕೆಲಸ ಕಂಪ್ಯೂಟರಿಗೆ. ಹೀಗಾಗಿ ಒಬ್ಬ ವಿದ್ಯಾರ್ಥಿನಿಯ ನಾಲ್ಕು ಕೊಳವೆಗಳು ದೊಡ್ಡ ಯೋಜನೆಯೊಂದರ ನೂರು ಕೊಳವೆಗಳ ಜೊತೆ ಒಂದೇ ಓಟದಲ್ಲಿ ಹೋಗಿ ಬರಬಹುದು. ಹಂಚಿಕೊಳ್ಳುವುದು ಇಲ್ಲಿ ವಿಜ್ಞಾನದ ಒಳಗೇ, ರಸಾಯನದ ಒಳಗೇ ಸೇರಿಹೋಗಿದೆ.

ಕೋಣೆಗಳ ನಡುವೆ ಕಟ್ಟುನಿಟ್ಟಿನ ಒಂದು ನಿಯಮ. ಡಿಎನ್‌ಎಯನ್ನು ಲಕ್ಷಾಂತರ ಪಟ್ಟು ಹೆಚ್ಚಿಸುವ ಪಿಸಿಆರ್ ನಡೆದ ಕೋಣೆಯಿಂದ, ಪಿಸಿಆರ್‌ಗೆ ಮುಂಚಿನ ಕೆಲಸದ ಕೋಣೆಗೆ ಅದೇ ಕೋಟು ತೊಟ್ಟು ಹಿಂದಿರುಗುವಂತಿಲ್ಲ. ಗಾಳಿಗೆ ಹಾರಿದ ಒಂದು ಕಣ ಸಾಕು, ಮುಂದಿನವರ ಸ್ಯಾಂಪಲಿನಲ್ಲಿ ಅದೂ ಹೆಚ್ಚುತ್ತದೆ. ಮಡಿ ಎಂಬುದಕ್ಕೆ ಇಷ್ಟು ಖಚಿತವಾದ ಕಾರಣವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಓದುವ ಯಂತ್ರ ನೋಡಲು ಏನೂ ಅಲ್ಲ, ಬಾಗಿಲಿರುವ ಬೂದುಬಿಳಿ ಪೆಟ್ಟಿಗೆ. ಒಳಗೆ ಒಂದು ಗಾಜಿನ ಫಲಕ, ‘ಫ್ಲೋ ಸೆಲ್’. ಅದರ ಮೇಲ್ಮೈಗೆ ಡಿಎನ್‌ಎ ತುಂಡುಗಳು ಅಂಟಿಕೊಂಡು, ಇದ್ದಲ್ಲೇ ಒಂದೊಂದು ಸಾವಿರದಷ್ಟಾಗಿ ಗುಂಪು ಕಟ್ಟುತ್ತವೆ. ಅನಂತರ ಬಣ್ಣ ಹೊತ್ತ ಎ, ಟಿ, ಜಿ, ಸಿ ಅಕ್ಷರಗಳನ್ನು ಹರಿಸುತ್ತಾರೆ. ಪ್ರತಿ ಗುಂಪಿಗೂ ಒಂದೇ ಒಂದು ಅಕ್ಷರ ಕೂರುತ್ತದೆ, ಏಕೆಂದರೆ ಆ ಅಕ್ಷರದ ಬೆನ್ನಿಗೇ ಒಂದು ತಡೆ ಇದೆ. ಲೇಸರ್ ಬಿತ್ತು, ಬಣ್ಣ ಮಿನುಗಿತು, ಯಂತ್ರ ಚಿತ್ರ ತೆಗೆಯಿತು. ಬಣ್ಣವನ್ನೂ ತಡೆಯನ್ನೂ ತೊಳೆದು ಮುಂದಿನ ಅಕ್ಷರ. ಕೋಟ್ಯಂತರ ಗುಂಪುಗಳು ಏಕಕಾಲಕ್ಕೆ ಹೀಗೆ ಮಿನುಗುತ್ತ ನೂರು, ನೂರೈವತ್ತು ಅಕ್ಷರಗಳನ್ನು ಹೇಳಿ ಮುಗಿಸುತ್ತವೆ. ಈ ಉಪಾಯವನ್ನು ಕಂಡವರು ಕೇಂಬ್ರಿಜ್‌ನ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್‌ಮನ್. ಶಂಕರ್ ಹುಟ್ಟಿದ್ದು ಚೆನ್ನೈಯಲ್ಲಿ. 1997ರಲ್ಲಿ ಕೇಂಬ್ರಿಜ್‌ನ ಪಾಂಟನ್ ಆರ್ಮ್ಸ್ ಎಂಬ ಪಬ್ಬಿನಲ್ಲಿ ಕೂತು ಮಾತಾಡುವಾಗ ಈ ಯೋಚನೆ ಗಟ್ಟಿಯಾಯಿತೆಂದು ಇಬ್ಬರೂ ಹೇಳಿಕೊಂಡಿದ್ದಾರೆ. ಮನುಷ್ಯನ ಮೊದಲ ಜೀನೋಮ್ ಓದಲು 1990ರಿಂದ 2003ರವರೆಗೆ ಹಲವು ದೇಶಗಳ ಪ್ರಯೋಗಾಲಯಗಳು ದುಡಿದವು. ಈಗಿನ ಯಂತ್ರಕ್ಕೆ ಅದು ಒಂದೆರಡು ದಿನದ ಕೆಲಸ.

ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ತುಳಸಿಯ ಕತೆ. 2015ರಲ್ಲಿ ಎನ್‌ಸಿಬಿಎಸ್ ತಂಡ ಕೃಷ್ಣ ತುಳಸಿಯ ಜೀನೋಮನ್ನು ಪ್ರಕಟಿಸಿತು. ನಮ್ಮ ಹಿತ್ತಿಲಲ್ಲಿ, ಕಟ್ಟೆಯ ಮೇಲೆ, ದಿನಾ ಬೆಳಿಗ್ಗೆ ನೀರು ಕಂಡ ಗಿಡ. ಅದರ ಜೀನೋಮ್ ಸುಮಾರು 61 ಕೋಟಿ ಅಕ್ಷರ ಇರಬಹುದೆಂದು ಲೆಕ್ಕ ಹಾಕಿದರು, ಅದರಲ್ಲಿ 37 ಕೋಟಿಗೂ ಹೆಚ್ಚನ್ನು ಜೋಡಿಸಿದರು. ಕೃಷ್ಣ ತುಳಸಿ, ರಾಮ ತುಳಸಿ ಎರಡರಲ್ಲೂ ಯಾವ ಜೀನ್‌ಗಳು ಎಚ್ಚರವಾಗಿವೆ ಎಂದು ಆರ್‌ಎನ್‌ಎ ಓದಿ ನೋಡಿದರು. ಉರ್ಸೋಲಿಕ್ ಆಮ್ಲದಂಥ ಔಷಧೀಯ ವಸ್ತುಗಳನ್ನು ಗಿಡ ಯಾವ ಜೀನ್‌ಗಳ ಸಹಾಯದಿಂದ ತಯಾರಿಸುತ್ತದೆ ಎಂದು ಹುಡುಕಿದರು, ಆ ವಸ್ತುಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆದರು. ಓದುವ ಕೋಣೆ, ತೂಗುವ ಕೋಣೆ, ಲೆಕ್ಕ ಹಾಕುವ ಕಂಪ್ಯೂಟರಿನ ಕೋಣೆ ಮೂರೂ ಕೈಗೂಡಿಸಿದಾಗ ಆದ ಕೆಲಸ. ಕೆಮ್ಮು ಬಂದಾಗ ಎಲೆ ಜಜ್ಜಿ ರಸ ಹಿಂಡಿದ ಅಜ್ಜಿಯರ ಸರಪಳಿಗೆ ಇದೂ ಒಂದು ಕೊಂಡಿ ಎಂದೇ ನನಗೆ ತೋರಿತು. ಅಜ್ಜಿಯರದ್ದು ಸರಿ ಎಂದು ಸಾಧಿಸಲು ಹೊರಟವರಲ್ಲ ಇವರು. ಗಿಡದೊಳಗೆ ಏನಿದೆ, ಹೇಗೆ ಆಗುತ್ತದೆ ಎಂದು ಕೇಳಿದವರು. ಆ ಕೇಳ್ವಿಕೆಯಲ್ಲಿ ಗಿಡದ ಮೇಲಿನ ಗೌರವ ನನಗೆ ಹೆಚ್ಚು ಕಾಣುತ್ತದೆ.

ಪ್ರೋಟೀನಿನ ಕೋಣೆಗೆ ಹೋಗುವ ಮೊದಲು ಫ್ರೆಡರಿಕ್ ಸ್ಯಾಂಗರ್ ಬಗ್ಗೆ ಎರಡು ಮಾತು. ದನದ ಇನ್ಸುಲಿನ್‌ನ 51 ಅಮೈನೋ ಆಮ್ಲಗಳು ಯಾವ ಕ್ರಮದಲ್ಲಿವೆ ಎಂದು ಓದಲು ಅವರಿಗೆ ಹತ್ತು ವರ್ಷಗಳ ದುಡಿಮೆ ಬೇಕಾಯಿತು. ಪ್ರೋಟೀನಿಗೆ ಖಚಿತವಾದ ಒಂದು ಕ್ರಮ ಇದೆ ಎಂದು ಜಗತ್ತಿಗೆ ತಿಳಿದದ್ದು ಆಗ. 1958ರಲ್ಲಿ ನೊಬೆಲ್ ಬಂತು. ಅಷ್ಟಕ್ಕೆ ನಿಲ್ಲದೆ 1977ರಲ್ಲಿ ಡಿಎನ್‌ಎ ಓದುವ ವಿಧಾನವನ್ನೂ ಕೊಟ್ಟರು. 1980ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಮತ್ತೊಮ್ಮೆ. ಚಿಕ್ಕ ತುಂಡನ್ನು ನಿಖರವಾಗಿ ಓದಬೇಕೆಂದರೆ ಇವತ್ತಿಗೂ ಸ್ಯಾಂಗರ್ ವಿಧಾನವೇ. ನಾನು ನೋಡಿದ ಎರಡೂ ಕೋಣೆಗಳ ಮೂಲ ಒಬ್ಬನೇ ಮನುಷ್ಯನ ಮೇಜಿನಲ್ಲಿದೆ.

ಆ ಎರಡನೇ ಕೋಣೆಯ ಬಾಗಿಲು ತೆರೆದ ಕೂಡಲೇ ಕಿವಿಗೆ ಬಿದ್ದದ್ದು ಪಂಪುಗಳ ಗುಂಯ್‌ಗುಡುವಿಕೆ. ಯಂತ್ರದ ಹೊಟ್ಟೆಯಲ್ಲಿ ಗಾಳಿ ಉಳಿಯಬಾರದು, ಹಗಲಿರುಳು ಅದನ್ನು ಹೀರುತ್ತಲೇ ಇರಬೇಕು. ನಮಗೆ ಹೇಳಿದ ಮೊದಲ ಮಾತು ತಲೆಗೂದಲಿನ ಬಗ್ಗೆ. ಕೂದಲಲ್ಲಿ, ಚರ್ಮದಲ್ಲಿ ಇರುವ ಕೆರಾಟಿನ್ ಎಂಬ ಪ್ರೋಟೀನ್ ಈ ಕೋಣೆಯವರ ಬದ್ಧ ವೈರಿ. ಉದುರಿದ ಹೊಟ್ಟಿನ ಕಣ ಸ್ಯಾಂಪಲಿಗೆ ಬಿದ್ದರೆ ಯಂತ್ರ ಅದನ್ನೂ ಅಷ್ಟೇ ಶ್ರದ್ಧೆಯಿಂದ ಓದಿ ವರದಿ ಕೊಡುತ್ತದೆ. ಉಣ್ಣೆಯ ಸ್ವೆಟರಿನಿಂದ ಬಂದ ಕುರಿಯ ಕೆರಾಟಿನ್ ಕೂಡ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದುಂಟು. ಭತ್ತದ ಬೇರಿನ ಪ್ರೋಟೀನ್ ಕೇಳಿದವರಿಗೆ ಕುರಿ ಬಂದರೆ ಆಗುತ್ತದೆಯೇ?

ಪ್ರೋಟೀನನ್ನು ಇಡಿಯಾಗಿ ತೂಗುವುದಕ್ಕಿಂತ ತುಂಡು ಮಾಡಿ ತೂಗುವುದು ರೂಢಿ. ತುಂಡರಿಸಲು ಟ್ರಿಪ್ಸಿನ್, ನಮ್ಮ ಹೊಟ್ಟೆಯಲ್ಲಿ ಬೇಳೆಯನ್ನು ಜೀರ್ಣಿಸುವ ಅದೇ ಕಿಣ್ವದ ಬಳಗ. ಅದಕ್ಕೆ ಒಂದು ನಿಯಮವಿದೆ: ಲೈಸಿನ್ ಅಥವಾ ಆರ್ಜಿನಿನ್ ಎಂಬ ಅಮೈನೋ ಆಮ್ಲ ಬಂದಲ್ಲಿ ಅದರ ನಂತರ ಕತ್ತರಿಸುತ್ತದೆ, ಕಂಡ ಕಂಡಲ್ಲಿ ಕೈ ಹಾಕುವುದಿಲ್ಲ. ಆದ್ದರಿಂದ ಯಾವ ಪ್ರೋಟೀನ್ ಯಾವ ಯಾವ ತುಂಡುಗಳಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು. ಆ ತುಂಡುಗಳ ದ್ರಾವಣ ಕೂದಲಿಗಿಂತ ಸಣ್ಣ ರಂಧ್ರದ ಸೂಜಿಯ ತುದಿಯಿಂದ, ಕೆಲವು ಸಾವಿರ ವೋಲ್ಟುಗಳ ವಿದ್ಯುತ್ತಿನಲ್ಲಿ, ಮಂಜಾಗಿ ಚಿಮ್ಮುತ್ತದೆ. ಹನಿಗಳು ಆರುತ್ತ ಆರುತ್ತ ಕೊನೆಗೆ ವಿದ್ಯುದಾವೇಶ ಹೊತ್ತ ಅಣುಗಳಷ್ಟೇ ಉಳಿದು ಯಂತ್ರದೊಳಗೆ ಹಾರುತ್ತವೆ. ಅಷ್ಟು ದೊಡ್ಡ, ಅಷ್ಟು ಮೆತ್ತಗಿನ ಅಣುಗಳನ್ನು ಒಡೆಯದೆ ಹಾರಿಸಬಹುದು ಎಂದು ತೋರಿಸಿದ್ದಕ್ಕೆ ಜಾನ್ ಫೆನ್‌ಗೆ 2002ರಲ್ಲಿ ನೊಬೆಲ್. ಅಣು ಎಂಬ ಆನೆಗಳಿಗೆ ರೆಕ್ಕೆ ಕೊಟ್ಟ ಕತೆ ಎಂಬ ಅರ್ಥ ಬರುವಂತೆ ಅವರು ತಮ್ಮ ನೊಬೆಲ್ ಉಪನ್ಯಾಸಕ್ಕೆ ಹೆಸರಿಟ್ಟರು. ಅದೇ ವರ್ಷ ಬೇರೊಂದು ದಾರಿಯಿಂದ ಅದೇ ಕೆಲಸ ಸಾಧಿಸಿದ ಜಪಾನಿನ ಕೊಯಿಚಿ ತನಾಕಾಗೂ ಪಾಲು ಸಿಕ್ಕಿತು.

ಪರದೆಯ ಮೇಲೆ ಗೆರೆಗಳು ಎದ್ದು ಬೀಳುತ್ತಿದ್ದವು. ಒಂದೊಂದು ಗೆರೆಯೂ ಒಂದೊಂದು ತುಂಡಿನ ತೂಕ, ದಶಲಕ್ಷದಲ್ಲಿ ಕೆಲವೇ ಪಾಲಿನಷ್ಟು ವ್ಯತ್ಯಾಸವನ್ನೂ ಬಿಡದ ನಿಖರತೆ. ಆ ತುಂಡನ್ನೇ ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ ಇನ್ನೂ ಒಡೆದು, ಚೂರುಗಳ ತೂಕದಿಂದ ಅಮೈನೋ ಆಮ್ಲಗಳ ಕ್ರಮ ಹಿಡಿಯುತ್ತಾರೆ. ಆದರೆ ಯಂತ್ರ ಕೊಡುವುದು ತೂಕ ಮಾತ್ರ, ಹೆಸರಲ್ಲ. “ಹೆಸರು ಎಲ್ಲಿಂದ ಬರುತ್ತೆ?” ಎಂದು ಕೇಳಿದೆ. ನಡೆಸುತ್ತಿದ್ದವರು ನಾವು ಆಗಷ್ಟೇ ದಾಟಿ ಬಂದ ಕಡೆಗೆ ಕೈ ತೋರಿಸಿದರು. ಡಿಎನ್‌ಎ ಓದಿದವರು ಜೀನುಗಳ ಪಟ್ಟಿ ಕೊಟ್ಟರೆ, ಅದರಿಂದ ಯಾವ ಯಾವ ಪ್ರೋಟೀನ್ ಆಗಬಹುದು, ಟ್ರಿಪ್ಸಿನ್ ಹಾಕಿದರೆ ಯಾವ ತೂಕದ ತುಂಡುಗಳು ಬರಬಹುದು ಎಂದು ಕಂಪ್ಯೂಟರ್ ಲೆಕ್ಕ ಹಾಕಿಟ್ಟುಕೊಂಡು ಹೋಲಿಸುತ್ತದೆ. ಯಾರೂ ಜೀನೋಮ್ ಓದದ ಗಿಡದ ಪ್ರೋಟೀನನ್ನು ತಂದರೆ ತೂಕ ಸಿಗುತ್ತದೆ, ಗುರುತು ಹಿಡಿಯುವುದು ಬಲು ಕಷ್ಟ. ಒಂದು ಕೋಣೆ ಇನ್ನೊಂದಕ್ಕೆ ಕಣ್ಣು. ಎರಡೂ ಒಂದೇ ಸೂರಿನಡಿ ಇರುವುದರ ಬೆಲೆ ನನಗೆ ಅರ್ಥವಾದದ್ದು ಅಲ್ಲಿ ನಿಂತಾಗ.

ಜೀನ್ ಇದ್ದ ಮಾತ್ರಕ್ಕೆ ಆಗಲಿಲ್ಲ. ಕಣ್ಣಿನ ಕೋಶದಲ್ಲೂ ಯಕೃತ್ತಿನ ಕೋಶದಲ್ಲೂ ಇರುವುದು ಅದೇ ಡಿಎನ್‌ಎ. ಯಾವುದು ಏನಾಗುತ್ತದೆ ಎಂಬುದನ್ನು ಆ ಹೊತ್ತಿಗೆ ಅಲ್ಲಿ ತಯಾರಾದ ಪ್ರೋಟೀನುಗಳು ಹೇಳುತ್ತವೆ. ಬರಗಾಲದಲ್ಲಿ ಬಾಡದ ರಾಗಿಯ ಎಲೆಯಲ್ಲಿ ಈ ಗಳಿಗೆ ಏನು ನಡೆದಿದೆ ಎಂದು ಕೇಳಬೇಕಾದ್ದು ಈ ಗುಂಯ್‌ಗುಡುವ ಕೋಣೆಯಲ್ಲಿ.

ಪ್ರೋಟೀನಿನ ಆಕಾರದ ಬಗ್ಗೆ ಬೆಂಗಳೂರಿಗೆ ಹಳೆಯ ಅಭಿಮಾನ ಇದೆ. ಜಿ.ಎನ್. ರಾಮಚಂದ್ರನ್ ಮದರಾಸಿನಲ್ಲಿದ್ದಾಗ 1954ರಲ್ಲಿ ಕೊಲ್ಲಾಜೆನ್ ಮೂರೆಳೆಯ ಸುರುಳಿ ಎಂದು ಹೇಳಿದರು. 1963ರಲ್ಲಿ ಪ್ರೋಟೀನಿನ ಸರಪಳಿ ಎಲ್ಲೆಲ್ಲಿ ಎಷ್ಟೆಷ್ಟು ತಿರುಗಬಹುದು ಎಂಬ ನಕ್ಷೆ ಕೊಟ್ಟರು. ಜಗತ್ತಿನ ಯಾವ ಮೂಲೆಯಲ್ಲಿ ಪ್ರೋಟೀನಿನ ರಚನೆ ಬಿಡಿಸಿದರೂ ಇವತ್ತಿಗೂ ‘ರಾಮಚಂದ್ರನ್ ಪ್ಲಾಟ್’ ಹಾಕಿ ಸರಿಯೇ ಎಂದು ನೋಡುತ್ತಾರೆ. ಆಮೇಲೆ ಅವರು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತವಿಜ್ಞಾನದ ವಿಭಾಗ ಕಟ್ಟಿದರು. ಜಿಕೆವಿಕೆಯ ಈ ಬಳಗದಲ್ಲಿ ಈಗ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ರಾಷ್ಟ್ರೀಯ ಸೌಲಭ್ಯ ಇದೆ. ಪ್ರೋಟೀನಿನ ಹನಿಯನ್ನು ದ್ರವ ಈಥೇನಿನಲ್ಲಿ ಮುಳುಗಿಸಿದರೆ ನೀರು ಹರಳುಗಟ್ಟುವಷ್ಟೂ ವೇಳೆ ಸಿಗದೆ ಗಾಜಾಗಿ ನಿಲ್ಲುತ್ತದೆ. ಅದರೊಳಗೆ ಸಿಕ್ಕಿಕೊಂಡ ಲಕ್ಷಾಂತರ ಪ್ರೋಟೀನ್ ಅಣುಗಳ ಚಿತ್ರ ತೆಗೆದು, ಬೇರೆ ಬೇರೆ ಬದಿಗಳನ್ನು ಸೇರಿಸಿ ಆಕಾರ ಕಟ್ಟುತ್ತಾರೆ. 2017ರ ರಸಾಯನಶಾಸ್ತ್ರದ ನೊಬೆಲ್ ಈ ವಿಧಾನಕ್ಕೆ. ಇದು ಎರಡಾಳೆತ್ತರದ ಯಂತ್ರ, ಅದಕ್ಕಾಗಿಯೇ ಅದುರದ ನೆಲ ಬೇಕು. ಇಂಥದ್ದನ್ನು ಒಬ್ಬೊಬ್ಬರೂ ಕೊಳ್ಳಲಿ ಎಂದು ಯಾವ ದೇಶವೂ ಹೇಳಲಾರದು.

ಹಂಚಿಕೆಯ ಯೋಚನೆ ನಮ್ಮಲ್ಲಿ ಹೊಸದಲ್ಲ. 1970ರ ದಶಕದಲ್ಲೇ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ದೊಡ್ಡ ಉಪಕರಣಗಳ ಪ್ರಾದೇಶಿಕ ಕೇಂದ್ರಗಳನ್ನು ಶುರು ಮಾಡಿತ್ತು. ಆದರೂ ಎಷ್ಟೋ ಕಡೆ ಬೆಲೆಬಾಳುವ ಯಂತ್ರ ಒಬ್ಬರ ಬೀಗದ ಹಿಂದೆ ಧೂಳು ಹಿಡಿದು, ಪಕ್ಕದ ಕಟ್ಟಡದವರು ಅದಕ್ಕಾಗಿ ದೂರದೂರಿಗೆ ಸ್ಯಾಂಪಲ್ ಕಳಿಸುವ ಸ್ಥಿತಿ ಉಳಿದಿತ್ತು. ಯಾವ ಯಂತ್ರ ಎಲ್ಲಿದೆ, ಯಾವಾಗ ಖಾಲಿ ಎಂದು ದೇಶಕ್ಕೆಲ್ಲ ತಿಳಿಯಲಿ ಎಂದು ಐ-ಸ್ಟೆಮ್ ಎಂಬ ಜಾಲತಾಣ ಶುರುವಾದದ್ದು 2020ರ ಜನವರಿ 3ರಂದು. ಇದೇ ಜಿಕೆವಿಕೆಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ ನಡೆದಾಗ ಪ್ರಧಾನಿ ಅದನ್ನು ಉದ್ಘಾಟಿಸಿದರು. ಬೆನ್ನಿಗೇ ಕೊರೊನಾ. ವರ್ಷದ ಕೊನೆಗೆ ವೈರಸ್ಸಿನ ಜೀನೋಮ್ ಓದಲು ದೇಶದ ಹತ್ತು ಪ್ರಯೋಗಾಲಯಗಳನ್ನು ಒಟ್ಟುಗೂಡಿಸಿದಾಗ ಬೆಂಗಳೂರಿನಿಂದ ನಿಮ್ಹಾನ್ಸ್ ಜೊತೆ ಎನ್‌ಸಿಬಿಎಸ್–ಇನ್‌ಸ್ಟೆಮ್ ಸೇರಿತು. 30,000ಕ್ಕೆ ಹತ್ತಿರದ ಅಕ್ಷರಗಳ ಆ ಪುಟ್ಟ ವೈರಸ್ಸನ್ನು, ಗುರುತು ಅಂಟಿಸಿ ನೂರಾರು ಜನರದ್ದನ್ನು ಬೆರೆಸಿ ಓದುವ ಉಪಾಯ ಇಲ್ಲದೆ ಹೋಗಿದ್ದರೆ, ಹೊಸ ರೂಪಾಂತರಿ ಊರಿಗೆ ಬಂದದ್ದು ನಮಗೆ ಯಾವಾಗ ತಿಳಿಯುತ್ತಿತ್ತೋ.

ಮರಳಿ ಸ್ಯಾಂಪಲ್ ತೆಗೆದುಕೊಳ್ಳುವ ಜಾಗಕ್ಕೆ ಬಂದಾಗ ಅಲ್ಲೊಬ್ಬ ಹುಡುಗಿ ಕಾಯುತ್ತಿದ್ದಳು. ಮಲೆನಾಡಿನ ಕಡೆಯ ಕಾಲೇಜು, ಎಂ.ಎಸ್ಸಿ., ಕಾಡು ಮೆಣಸಿನ ಮೇಲೆ ಪ್ರಾಜೆಕ್ಟ್. ರಾತ್ರಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದ ಪೆಟ್ಟಿಗೆ ಮೇಜಿನ ಮೇಲೆ ತೆರೆದಿತ್ತು. ತಪಾಸಣೆಯ ತರುಣಿ ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸುತ್ತಿದ್ದರು.

“ನೋಡು, ಇಲ್ಲಿ ಒಂದೇ ಗಟ್ಟಿ ಪಟ್ಟಿ ಬರ್ಬೇಕಿತ್ತು, ಕೆಳಗಿನವರೆಗೂ ಎಳೆದುಬಿಟ್ಟಿದೆ. ಡಿಎನ್‌ಎ ತುಂಡಾಗಿದೆ.”

“ಎಲೆ ಮೊನ್ನೆನೇ ಕೊಯ್ದಿದ್ದು ಮೇಡಂ.”

“ಕೊಯ್ದು ಎಷ್ಟು ಹೊತ್ತು ಹೊರಗಿತ್ತು?”

“ಕಾಡಿಂದ ಕಾಲೇಜಿಗೆ ಬರೋಕೇ ಸಂಜೆ ಆಯ್ತು.”

“ಅದೇ ಮತ್ತೆ. ಬಲಿತ ಎಲೆ ಬೇರೆ, ಲೋಳೆ ಜಾಸ್ತಿ. ಇದನ್ನ ಓಡಿಸಿದ್ರೆ ನಿನ್ನ ದುಡ್ಡು ದಂಡ, ನಾನು ಓಡಿಸಲ್ಲ. ಮುಂದಿನ ಸಲ ಚಿಗುರೆಲೆ ಕೊಯ್ಯಿ, ಕೊಯ್ದಲ್ಲೇ ಸಿಲಿಕಾ ಜೆಲ್ ಇರೋ ಕವರಿಗೆ ಹಾಕು. ಸಿಲಿಕಾ ನಾನು ಕೊಡ್ತೀನಿ, ತಗೊಂಡು ಹೋಗು.”

ಹುಡುಗಿ ಪುಸ್ತಕ ತೆಗೆದು ಬರೆದುಕೊಂಡಳು. ಒಂದು ಗಿಡಕ್ಕೆ ಎಷ್ಟು ಎಲೆ ಬೇಕು, ಕವರಿನ ಮೇಲೆ ಏನೇನು ಬರೆಯಬೇಕು, ಬಿಸಿಲಲ್ಲಿ ಇಟ್ಟರೆ ಏನಾಗುತ್ತದೆ ಎಂದು ಕೇಳುತ್ತಲೇ ಹೋದಳು. ತರುಣಿ ಕುರ್ಚಿ ಎಳೆದುಕೊಂಡು ಕೂತು ಮೊದಲಿನಿಂದ ಹೇಳತೊಡಗಿದರು.